ಲೈನು ಎಂಬ ಒಂದು ಮಾತು

ಮಳೆಗಾಲದ ಸಂಜೆ ಕುಮಟೆಯಲ್ಲಿ ದೀಪವಾರಿದರೆ ‘ಲೈನು ಹೋಯಿತು’ ಎನ್ನುತ್ತೇವೆ. ಪಡಿತರದ ಅಂಗಡಿಯೆದುರು ‘ಲೈನಿನಲ್ಲಿ ಬನ್ನಿ’ ಎಂದು ಕೂಗು. ಭಟ್ಕಳದ ಪೇಟೆಯಲ್ಲಿ ‘ತಮ್ಮದು ಯಾವ ಲೈನು?’ ಎಂದರೆ ವ್ಯಾಪಾರದ ವಿಚಾರಣೆ. ಹೊನ್ನಾವರದ ಬಳಿ ಶರಾವತಿಯನ್ನು ದಾಟುವ ಕೊಂಕಣ ರೈಲ್ವೆಯೂ ಲೈನೇ. ತರಗತಿಯಲ್ಲಿ ವಿದ್ಯಾರ್ಥಿಗಳು ಪದ್ಯದ ಪಾದವನ್ನೂ ಲೈನೆಂದೇ ಕರೆಯುತ್ತಾರೆ.

ಅಗಸೆಯ ನಾರಿಗೆ ಲ್ಯಾಟಿನ್ನಿನಲ್ಲಿದ್ದ ಹೆಸರಿನಿಂದ ಹುಟ್ಟಿ, ಮೊದಲು ದಾರವೆಂದಷ್ಟೇ ಅರ್ಥವಿದ್ದ ಶಬ್ದವಿದು. ಇಂಗ್ಲಿಷಿನಲ್ಲಿ ಆ ದಾರ ನೂರು ಗಂಟು ಹಾಕಿಕೊಂಡಿತು. ಕನ್ನಡವಾದರೋ ಈ ಅರ್ಥಗಳನ್ನು ಬಿಡಿಸಿ ಇಟ್ಟಿದೆ: ತಂತಿ, ಸಾಲು, ಕಸುಬು, ಹಳಿ, ಪಾದ, ಗೆರೆ, ಎಲ್ಲೆ. ಆಡುಮಾತಿನಲ್ಲಿ ಇವೆಲ್ಲ ಒಂದೇ ಶಬ್ದದೊಳಗೆ ಕಲೆತರೆ ಹಾನಿಯಿಲ್ಲ. ಸಂದರ್ಭವೇ ಅರ್ಥವನ್ನು ಕಾಯುತ್ತದೆ. ಆದರೆ ಅದೇ ಶಬ್ದ ಕಾಯಿದೆಯ ಕಾಗದವನ್ನೇರಿ ಬಂದಾಗ?

ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳನ್ನು ನೋಡಿ. 1991ರಿಂದ ಇಂದಿನವರೆಗೆ ಅವೆಲ್ಲ ‘ಹೈ ಟೈಡ್ ಲೈನ್’ ಎಂಬುದನ್ನು ಹಿಡಿದು ನಿಂತಿವೆ. ಕಡಲ ದಂಡೆಯಲ್ಲಿ ಅಲ್ಲಿಂದ 500 ಮೀಟರು ನಿಯಂತ್ರಣದ ನೆಲ. 2019ರ ಅಧಿಸೂಚನೆಯಲ್ಲಿ, ಗ್ರಾಮೀಣ ಭಾಗದ ಜನದಟ್ಟಣೆ ಚದರ ಕಿಲೋಮೀಟರಿಗೆ 2,161ನ್ನು ಮೀರಿದರೆ ಕಟ್ಟಡ ನಿಷಿದ್ಧವಾದ ಪಟ್ಟಿ 50 ಮೀಟರು; ಮೀರದಿದ್ದರೆ 200. ಅಳತೆಯೆಲ್ಲ ಆ ಒಂದು ಲೈನಿನಿಂದ.

ಅದು ಯಾವ ಲೈನು? ‘ಸ್ಪ್ರಿಂಗ್ ಟೈಡ್’ನಲ್ಲಿ ನೀರು ಮುಟ್ಟುವ ಅತ್ಯುನ್ನತ ಗಡಿ ಎನ್ನುತ್ತದೆ ವ್ಯಾಖ್ಯೆ. ನಿಘಂಟನ್ನು ಅವಸರದಲ್ಲಿ ತಿರುವಿದವರು ಇದನ್ನು ವಸಂತಕಾಲದ ಉಬ್ಬರವೆಂದಾರು! ಋತುವಿಗೂ ಇದಕ್ಕೂ ಸಂಬಂಧವಿಲ್ಲ. ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರವದು. ದೋಣಿ ತಳ್ಳುವ ಯಾರನ್ನು ಕೇಳಿದರೂ ತಿಳಿಯುತ್ತದೆ.

ಶರಾವತಿಯ ಅಳಿವೆಯ ಬಳಿ ಕಾಸರಕೋಡು ಟೊಂಕದಲ್ಲಿ ಈ ಪ್ರಶ್ನೆ ಪುಸ್ತಕದ್ದಲ್ಲ. ಮೀನು ಒಣಗಿಸಿ ಬದುಕುವ ಹೆಂಗಸರ ಅಂಗಳ ಆ ಮರಳು. ಕಡಲಾಮೆ ಮೊಟ್ಟೆಯಿಡುವುದೂ ಅಲ್ಲಿಯೇ. ಖಾಸಗಿ ಬಂದರಿನ ಯೋಜನೆಯ ವಿರುದ್ಧ ಅಲ್ಲಿನ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. 2025ರ ಫೆಬ್ರವರಿಯಲ್ಲಿ ಸರ್ವೆಯ ಕೆಲಸವನ್ನೇ ಎದುರಿಸಿ ನಿಂತರು. ಭೂಮಾಪಕನಿಗೆ ಲೈನು ನಕ್ಷೆಯ ಮೇಲಿನ ಗೆರೆ. ಆ ಮರಳಿನಲ್ಲಿ ಬಾಳುವವರಿಗೆ ಅದು ಎಲ್ಲೆ: ತನ್ನ ಮನೆ ಯಾವ ಮಗ್ಗುಲಿಗೆ ಬಿತ್ತು ಎಂಬ ತೀರ್ಪು.

ಗೆರೆಗೂ ಎಲ್ಲೆಗೂ ಇರುವ ಅಂತರ ಸಣ್ಣದಲ್ಲ. ಗೆರೆಯನ್ನು ಒಬ್ಬನೇ ಎಳೆಯಬಹುದು. ಎಲ್ಲೆಯನ್ನು ಗೊತ್ತುಮಾಡುವಾಗ ಎರಡೂ ಕಡೆಯವರನ್ನು ನಿಲ್ಲಿಸಿಕೊಂಡು ಕಲ್ಲು ನೆಡುವುದು ನಮ್ಮ ಹೊಲಗದ್ದೆಗಳ ಹಳೆಯ ರೂಢಿ. ‘ರೇಖೆ’ ಎಂದು ಭಾಷಾಂತರಿಸಿ ಸುಮ್ಮನಾದರೆ ಗೆರೆಯ ಅರ್ಥ ಉಳಿಯುತ್ತದೆ, ನೆರೆಯವನನ್ನು ಕರೆಯುವ ಕರ್ತವ್ಯ ಜಾರಿಹೋಗುತ್ತದೆ. ಬಂದರು ಬೇಕೆನ್ನುವವರೂ ಬೇಡವೆನ್ನುವವರೂ ಇಷ್ಟನ್ನಾದರೂ ಒಪ್ಪಬೇಕು.

ಪಾರಿಭಾಷಿಕ ಪದಗಳ ಚರ್ಚೆಯನ್ನು ಪಂಡಿತರ ವಿನೋದವೆಂದು ನಗುವವರಿದ್ದಾರೆ. ಅಂಥವರು ಒಂದು ಹುಣ್ಣಿಮೆಯ ದಿನ, ಉಬ್ಬರದ ಹೊತ್ತಿಗೆ, ಟೊಂಕದ ಮರಳಿನ ಮೇಲೆ ನಿಂತು ನೋಡಲಿ. ಕಡಲು ಎಳೆದ ಗೆರೆಯನ್ನು ಕಡಲೇ ಅಳಿಸುತ್ತದೆ. ಕಚೇರಿ ಎಳೆದುದು ಹಾಗೆ ಅಳಿಯುವುದಿಲ್ಲ. ಆದುದರಿಂದಲೇ ಅದನ್ನು ಎಳೆಯುವ ಮುನ್ನ, ಅದರಿಂದ ನೆಲೆ ಕಳೆದುಕೊಳ್ಳಬಹುದಾದವರಿಗೆ ತಿಳಿಯುವ ಕನ್ನಡದಲ್ಲಿ ಹೇಳಬೇಕು.