ಅಣ್ವಸ್ತ್ರದ ಮಿತಿ ಸಂಸತ್ತಿಗೆ ತಿಳಿಯಲಿ



ಸ್ವೀಡನ್ನಿನ ಸಿಪ್ರಿ ಸಂಸ್ಥೆಯ ವಾರ್ಷಿಕ ವರದಿ ಬಂದಾಗಲೆಲ್ಲ ನಮ್ಮ ಟಿ.ವಿ. ವಾಹಿನಿಗಳು ಅಣುಬಾಂಬುಗಳ ಸಂಖ್ಯೆಯನ್ನು ಕ್ರಿಕೆಟ್ ಸ್ಕೋರಿನಂತೆ ತೋರಿಸುತ್ತವೆ. ಬಿನ್ನಿಪೇಟೆಯ ನಮ್ಮ ಟೀ ಅಂಗಡಿಯಲ್ಲೂ ಅದೇ ಮಾತು. 2024ರಲ್ಲಿ ಭಾರತ 172, ಪಾಕಿಸ್ತಾನ 170 ಎಂದಾಗ ಹಿಂದಿಕ್ಕಿದೆವೆಂಬ ಸಂಭ್ರಮ. ಮರುವರ್ಷ ನಮ್ಮದು 180 ಆಯಿತು, ಚೀನಾದ್ದು 600. ಇವೆಲ್ಲ ಹೊರಗಿನವರ ಅಂದಾಜು. ನಮ್ಮ ಸರ್ಕಾರ ಲೆಕ್ಕ ಹೇಳಿದ್ದೇ ಇಲ್ಲ.

ನನ್ನ ಆತಂಕ ಆ ಎಂಟರ ಏರಿಕೆಗಿಂತ ಹೆಚ್ಚಾಗಿ ಸಂಗ್ರಹದ ಸ್ವರೂಪದ ಬಗ್ಗೆ. ಶಾಂತಿಕಾಲದಲ್ಲಿ ಸಿಡಿತಲೆಯನ್ನೂ ಕ್ಷಿಪಣಿಯನ್ನೂ ಬೇರೆ ಬೇರೆಯಾಗಿ ಇಡುವುದು ನಮ್ಮ ಪದ್ಧತಿ ಎಂದೇ ತಜ್ಞರು ಬಹುಕಾಲ ಭಾವಿಸಿದ್ದರು. ದುಡುಕಿಗೆ ಅದಕ್ಕಿಂತ ದೊಡ್ಡ ತಡೆ ಇಲ್ಲ. ಈಗ ಕ್ಯಾನಿಸ್ಟರಿನಲ್ಲೇ (ಮುಚ್ಚಿದ ಉಡಾವಣಾ ಕೊಳವೆಯಲ್ಲಿ) ಸಿದ್ಧವಾಗಿ ನಿಲ್ಲುವ ಅಗ್ನಿ ಕ್ಷಿಪಣಿಗಳು ಬಂದಿವೆ. ಹಲವು ಸಿಡಿತಲೆ ಹೊರುವ ಅಗ್ನಿ–5ರ ಪರೀಕ್ಷೆ 2024ರ ಮಾರ್ಚ್ 11ರಂದು ನಡೆಯಿತು. ಅರಿಹಂತ್‌ನಂಥ ಜಲಾಂತರ್ಗಾಮಿ ಗಸ್ತಿಗೆ ಹೊರಟರೆ ಸಿಡಿತಲೆಯನ್ನು ದಡದಲ್ಲಿ ಬಿಟ್ಟು ಹೋದೀತೇ? ಮೊದಲು ಬಳಸುವುದಿಲ್ಲ, ಕನಿಷ್ಠ ಸಂಗ್ರಹವೇ ಸಾಕು ಎಂದು 2003ರ ಜನವರಿಯಲ್ಲಿ ಪ್ರಕಟಿಸಿದ ನೀತಿಗೆ ಇವೆಲ್ಲ ಹೇಗೆ ಹೊಂದುತ್ತವೆ ಎಂದು ಕೇಳುವ ಹಕ್ಕು ನಮಗಿದೆ.

ಇದು ದೆಹಲಿಯವರ ವಿಷಯ ಎಂದು ಕನ್ನಡಿಗರು ಸುಮ್ಮನಿರುವಂತಿಲ್ಲ. ಜಲಾಂತರ್ಗಾಮಿಯ ರಿಯಾಕ್ಟರಿಗೆ ಯುರೇನಿಯಂ ಸಂವರ್ಧಿಸುವ ಘಟಕ ಇರುವುದು ಮೈಸೂರು ಪಕ್ಕದ ಇಲವಾಲದ ಬಳಿ. ಕೈಗಾ ಅಣು ವಿದ್ಯುತ್ ಸ್ಥಾವರದ ಮೊದಲ ನಾಲ್ಕು ಘಟಕಗಳು ಅಂತರರಾಷ್ಟ್ರೀಯ ತಪಾಸಣೆಯ ಹೊರಗಿವೆ. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ 1,810 ಎಕರೆ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಹೋಯಿತು. ಕುರಿ, ದನ ಮೇಯಿಸಿಕೊಂಡು ಬದುಕುವವರ ಅಮೃತಮಹಲ್ ಹುಲ್ಲುಗಾವಲು ಅದು. ಭೂಮಿ ಕೊಟ್ಟ ಜನರಿಗೆ ಅಲ್ಲಿ ಏನು ನಡೆಯುತ್ತದೆಂದು ವಿವರಿಸಿದವರು ಯಾರು?

ಲೆಕ್ಕ ಹೇಳಿದರೆ ಶತ್ರುವಿಗೆ ಗುಟ್ಟು ಬಿಟ್ಟುಕೊಟ್ಟಂತೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ತನ್ನ ಬಳಿ 3,748 ಸಿಡಿತಲೆಗಳಿದ್ದವೆಂದು ಅಮೆರಿಕ ತಾನೇ ಪ್ರಕಟಿಸಿದೆ. ಬ್ರಿಟನ್ 2021ರಲ್ಲಿ ಮಿತಿಯನ್ನು 260ಕ್ಕೆ ಏರಿಸಿತು; ಏರಿಸಿದ್ದು ತಪ್ಪೇ, ಆದರೆ ಬಹಿರಂಗವಾಗಿ ಹೇಳಿ ಏರಿಸಿತು. ಅಷ್ಟೇಕೆ, 1988ರ ಒಪ್ಪಂದದಂತೆ ನಾವು 1992ರಿಂದ ಪ್ರತಿ ಜನವರಿ 1ರಂದು ನಮ್ಮ ಅಣು ಸ್ಥಾವರಗಳ ಪಟ್ಟಿಯನ್ನು ಪಾಕಿಸ್ತಾನದ ಕೈಗೇ ಕೊಡುತ್ತಿದ್ದೇವೆ. ಅವರಿಗೆ ಪಟ್ಟಿ ಕೊಡಬಹುದಾದರೆ, ಸಿಡಿತಲೆಗಳು ಎಷ್ಟಕ್ಕೆ ನಿಲ್ಲುತ್ತವೆ ಎಂಬ ಗರಿಷ್ಠ ಮಿತಿಯನ್ನು ನಮ್ಮ ಸಂಸತ್ತಿಗೆ ಹೇಳಲು ಏನು ಅಡ್ಡಿ? ರಾಜ್ಯದ 28 ಲೋಕಸಭಾ ಸದಸ್ಯರಲ್ಲಿ ಒಬ್ಬರಾದರೂ ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ಕೇಳಬೇಕು.

– ಓರ್ವ ಓದುಗ, ಬಿನ್ನಿಪೇಟೆ, ಬೆಂಗಳೂರು