ಸತ್ತ ಮಾಸ್ತರರ ಹೆಸರು ಎಲ್ಲಿ ಬರೆದದ?

ಯುದ್ಧದಲ್ಲಿ ಮಡಿದ ಜವಾನರಿಗೆ ಊರು ಕಲ್ಲು ನಿಲ್ಲಿಸುತ್ತದೆ, ಹೆಸರು ಕೆತ್ತಿಸುತ್ತದೆ, ಹಾರ ಹಾಕುತ್ತದೆ. ಅದು ಆಗಬೇಕಾದ್ದೇ. ಆದರೆ ಸರಕಾರದ ಆರ್ಡರು ಕಿಸೆಯಲ್ಲಿಟ್ಟುಕೊಂಡು ಹೋಗಿ ಜೀವ ಕಳೆದುಕೊಂಡ ಸಾಲಿ ಮಾಸ್ತರರು, ಅಕ್ಕೋರುಗಳ ಕಥೆ ಏನು? ಅವರ ಹೆಸರು ಫೈಲಿನಲ್ಲಿ, ಫೈಲು ಕಪಾಟಿನಲ್ಲಿ!

2021ರ ಏಪ್ರಿಲ್ 17 ನೆನಪಿದೆಯಲ್ಲ? ಮಸ್ಕಿ ಉಪಚುನಾವಣೆಯ ದಿನ. ಅಂದೇ ಬಸವಕಲ್ಯಾಣಕ್ಕೂ ಬೆಳಗಾವಿ ಲೋಕಸಭೆಗೂ ಮತದಾನ. ಕೊರೊನಾದ ಎರಡನೇ ಅಲೆ ಏರುತ್ತಿದ್ದ ವಾರವದು. ಮುಖಂಡರು ಭಾಷಣ ಮುಗಿಸಿ ಕಾರು ಹತ್ತಿದರು. ಮತಗಟ್ಟೆಯಲ್ಲಿ ಸಾಲು ಸಾಲು ಜನರೆದುರು ದಿನವಿಡೀ ಕೂತವರು ಶಿಕ್ಷಕರು. ಮುಂದಿನ ವಾರಗಳಲ್ಲಿ ಈ ಉಪಚುನಾವಣೆಗಳ ಡ್ಯೂಟಿಗೆ ಹೋದ ಶಿಕ್ಷಕರು ತೀರಿಕೊಂಡ ಸುದ್ದಿ ಒಂದರ ಹಿಂದೊಂದು ಬಂತು.

ಈಗ ಕಾನೂನಿನ ಲೆಕ್ಕ ನೋಡಿ. ಮನೆ ಬಿಟ್ಟ ಗಳಿಗೆಯಿಂದ ವಾಪಸು ಮನೆ ಮುಟ್ಟುವ ತನಕ ಚುನಾವಣಾ ಡ್ಯೂಟಿ. ಜೀಪು ಪಲ್ಟಿ ಹೊಡೆದರೆ ಈ ಲೆಕ್ಕ ಸರಿ. ಕೊರೊನಾಕ್ಕೆ ಇದು ಹೇಗೆ ಹೊಂದೀತು? ರೋಗ ಮೈಹೊಕ್ಕ ಮೇಲೆ 14 ದಿನದವರೆಗೂ ಸುಮ್ಮನೆ ಇರಬಲ್ಲದು. ಡ್ಯೂಟಿ ಮುಗಿಸಿ ಮಾನವಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರಿಗೆ ನಾಲ್ಕನೇ ದಿನ ಜ್ವರ ಬಂದು, ಹತ್ತನೇ ದಿನ ಉಸಿರು ನಿಂತರೆ ಅದು ಡ್ಯೂಟಿಯ ಸಾವೋ, ಮನೆಯ ಸಾವೋ?

ಉತ್ತರಪ್ರದೇಶದಲ್ಲಿ ಇದೇ ಪ್ರಶ್ನೆ ದೊಡ್ಡ ಗದ್ದಲವಾಯಿತು. 2021ರ ಪಂಚಾಯತಿ ಚುನಾವಣೆಯ ನಂತರ 1,621 ಮಂದಿ ಸತ್ತರು ಎಂದಿತು ಶಿಕ್ಷಕರ ಸಂಘ. ಬರೀ ಮೂವರು ಎಂದಿತು ಸರಕಾರ! ಮನೆ ಮುಟ್ಟುವ ತನಕದ ಲೆಕ್ಕ ಹಿಡಿದರೆ ಮೂರೇ. ಕೂಗೆದ್ದ ಮೇಲೆ 30 ದಿನದ ಗಡುವು ಬಂತು. ಆಗ ಇತರ ನೌಕರರೂ ಸೇರಿ ಪಟ್ಟಿ ಎರಡು ಸಾವಿರ ದಾಟಿತು. ತಲಾ 30 ಲಕ್ಷ ರೂಪಾಯಿ ಪರಿಹಾರ ಮಂಜೂರಾಯಿತು. ಸತ್ತವರು ಅವರೇ. ಬದಲಾದದ್ದು ಎಣಿಸುವ ರೀತಿ.

"ಕಲ್ಲು ನಿಲ್ಲಿಸಿದರೆ ಹೊಟ್ಟಿ ತುಂಬತದೇನ್ರಿ?" ಎಂದು ತೀನ್ ಕಂದಿಲ್‌ನ ಅಂಗಡಿಕಾರರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಅಂಗಡಿಯವರಿಗೆ ಬೇರೆ ಹೇಳಬೇಕೆ? ಖಾತೆ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಬಾಕಿ ಕೇಳುವುದು ಯಾರನ್ನು? ಇಲ್ಲಿಯೂ ಅಷ್ಟೇ. ಪಟ್ಟಿಯಲ್ಲಿ ಹೆಸರಿದ್ದರೆ ಹೆಂಡತಿ ಮಕ್ಕಳಿಗೆ ಕೇಳುವ ಹಕ್ಕು. ಇಲ್ಲದಿದ್ದರೆ ಕಚೇರಿಯಿಂದ ಕಚೇರಿಗೆ ಅಲೆದಾಟ.

ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಊರಿನಲ್ಲಿ ಕೆಲಸದ ಮೇಲೆ ಜೀವ ಕಳೆದುಕೊಂಡ ಶಿಕ್ಷಕರಿಗೆ 2014ರಲ್ಲಿ ಸ್ಮಾರಕ ಕಟ್ಟಿದರು. 2018ರಲ್ಲಿ ಅದಕ್ಕೆ ರಾಷ್ಟ್ರೀಯ ಸ್ಮಾರಕದ ಮನ್ನಣೆ ಸಿಕ್ಕಿತು. ಕಲ್ಲಿನ ಬೆಲೆ ತಿಳಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1915ರಲ್ಲಿ ಮಸ್ಕಿಯ ಗುಡ್ಡದಲ್ಲಿ ಸಿಕ್ಕ ಶಾಸನವೇ ಅಲ್ಲವೆ, 'ದೇವಾನಾಂಪ್ರಿಯ' ಎಂಬವನು ಅಶೋಕನೇ ಎಂದು ಲೋಕಕ್ಕೆ ತಿಳಿಸಿದ್ದು? ಚಕ್ರವರ್ತಿಯ ಹೆಸರು ಉಳಿಸಿದ ಊರಿನ ಚುನಾವಣೆಗೆ ದುಡಿದವರ ಹೆಸರು ಉಳಿಯಬಾರದೆ?

ಮಾಸ್ತರರ ಹೊರಗೆಲಸ ಮುಗಿದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಬೇರೆ ಕೆಲಸ ಬೇಡ ಎಂದರೂ ಜನಗಣತಿ, ಚುನಾವಣೆ, ವಿಪತ್ತು ಪರಿಹಾರಕ್ಕೆ ಬಾಗಿಲು ತೆರೆದೇ ಇಟ್ಟಿದೆ. 2025ರ ಜಾತಿ ಸಮೀಕ್ಷೆಗೂ ಮನೆ ಮನೆ ತಿರುಗಿದವರು ಅವರೇ. ಆ ಕೆಲಸದ ವೇಳೆ ತೀರಿಕೊಂಡ ಮೂವರು ಸಿಬ್ಬಂದಿಯ ಕುಟುಂಬಗಳಿಗೆ ರಾಜ್ಯ ಸರಕಾರ ತಲಾ 20 ಲಕ್ಷ ಘೋಷಿಸಿತು. ಮುಂದೆ 2027ರ ಜನಗಣತಿ.

ಆಗಬೇಕಾದ ಕೆಲಸ ದೊಡ್ಡದಲ್ಲ. ರಾಯಚೂರು, ದೇವದುರ್ಗ, ಮಾನವಿ ಬಿಇಓ ಕಚೇರಿಗಳ ಗೋಡೆಗೆ ಒಂದೊಂದು ಹಲಗೆ ಸಾಕು: ಹೆಸರು, ಶಾಲೆ, ಯಾವ ಡ್ಯೂಟಿ, ಯಾವ ತಾರೀಖು. ಕೊರೊನಾ ಡ್ಯೂಟಿಯವರದೂ ಅದರಲ್ಲಿ ಬರಲಿ. ಪಟ್ಟಿ ಪಕ್ಕಾ ಆದ ಮೇಲೆ ಜಿಲ್ಲಾ ಕೇಂದ್ರದಲ್ಲಿ ಕಲ್ಲು ನಿಲ್ಲಿಸಬಹುದು. ಸೆಪ್ಟೆಂಬರ್ 5ರಂದು ಶಾಲು ಹೊದಿಸುವ ಸಾಹೇಬರು ಆ ಹಲಗೆಯ ಮುಂದೆ ಎರಡು ನಿಮಿಷ ನಿಂತರೆ ಶಿಕ್ಷಕರ ದಿನಾಚರಣೆಗೂ ಅರ್ಥ ಬಂದೀತು.