ಚಕ್ಕಣ

ಪಾನದೊಡನೆ ನಂಚಿಕೊಳ್ಳುವ ತಿನಿಸಿಗೆ ಹಳಗನ್ನಡದಲ್ಲಿ ‘ಚಕ್ಕಣ’ ಎಂಬ ಸೊಗಸಾದ ಮಾತೊಂದಿದೆ. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಬರುವ ಪಾನಗೋಷ್ಠಿಯ ವರ್ಣನೆಯನ್ನು ಓದಿದವರಿಗೆ ಅದು ಅಪರಿಚಿತವಲ್ಲ. ಕುಡಿಯುವುದಕ್ಕೂ ತಿನ್ನುವುದಕ್ಕೂ ಹೊಂದಿಕೆ ಬೇಕೆಂಬುದನ್ನು ಕನ್ನಡಿಗರು ಸಾವಿರ ವರ್ಷಗಳ ಹಿಂದೆಯೇ ಬಲ್ಲವರಾಗಿದ್ದರು. ಆದರೂ ಈ ಮಾತು ಬಂದೊಡನೆ ಎಲ್ಲರ ದೃಷ್ಟಿಯೂ ಫ್ರಾನ್ಸಿನತ್ತ ಹರಿಯುತ್ತದೆ. ಅದಕ್ಕೆ ಕಾರಣವೂ ಉಂಟು.

ಲಿಯಾನ್ ನಗರದ ಉತ್ತರಕ್ಕಿರುವ ಬೊಜೊಲೆ ಎಂಬ ಗುಡ್ಡಗಳ ಸೀಮೆಯಲ್ಲಿ ‘ಗಮೇ’ ಎಂಬ ಕಪ್ಪು ದ್ರಾಕ್ಷಿಯಿಂದ ಹಗುರವಾದ ಕೆಂಪು ವೈನನ್ನು ತಯಾರಿಸುತ್ತಾರೆ. ಅದು ಉತ್ಸವಕ್ಕೆಂದು ಕಾದಿಟ್ಟ ಪಾನವಲ್ಲ, ದಿನದ ಊಟದ ಸಂಗಾತಿ. ಲಿಯಾನಿನ ಸಾಮಾನ್ಯ ಭೋಜನಗೃಹಗಳಲ್ಲಿ ದಪ್ಪ ತಳದ, 46 ಸೆಂಟಿಲೀಟರ್ ಹಿಡಿಯುವ ಗಾಜಿನ ಸೀಸೆಯಲ್ಲಿ ಅದನ್ನು ತಂದಿಡುವುದು ವಾಡಿಕೆ. ಹಂದಿಮಾಂಸದ ಸಾಸೇಜು, ಚೀಸು, ರೊಟ್ಟಿ ಅದರ ಚಕ್ಕಣ. ದ್ರಾಕ್ಷಿಯ ಸಿಪ್ಪೆ ಬೀಜಗಳಲ್ಲಿರುವ ಟ್ಯಾನಿನ್ ಎಂಬ ಒಗರನ್ನು ಮಾಂಸದ ಜಿಡ್ಡೂ ಚೀಸಿನ ಸಾರವೂ ತಗ್ಗಿಸುತ್ತವೆ. ಕಡುಚಹಾಕ್ಕೆ ಹಾಲು ಬೆರೆತಾಗ ಆಗುವುದೂ ಇದೇ ಅಲ್ಲವೆ?

ಅದೇ ಸೀಸೆಯನ್ನು ಪಾವಗಡ ತಾಲ್ಲೂಕಿನ ತಿರುಮಣಿಗೆ ತಂದರೆ? ಇಂದು ಸೌರ ಫಲಕಗಳ ಬಯಲಿನಿಂದ ಹೆಸರಾಗಿರುವ ಈ ಬರದ ಸೀಮೆಯಲ್ಲಿ ಊಟವೆಂದರೆ ರಾಗಿಮುದ್ದೆ, ಹುಣಸೆ ಹಿಂಡಿದ ಹುರುಳಿಸಾರು, ಬಾಡು ಬೇಯಿಸಿದ ದಿನ ಒಣಮೆಣಸಿನಕಾಯಿಯ ಖಾರ. ಶೇಕಡಾ 12-13ರಷ್ಟು ಮದ್ಯಸಾರವುಳ್ಳ ವೈನು ಈ ಖಾರದ ಉರಿಯನ್ನು ಕೆರಳಿಸುವುದೇ ಹೊರತು ತಣಿಸಲಾರದು. ಹುರಿದ ಕಡಲೆಕಾಯಿಯೊಡನೆ ಹೇಗೋ ಹೊಂದಿಕೊಂಡೀತು, ಸಾರಿನೆದುರು ಸೋತುಹೋಗುತ್ತದೆ.

ಈ ಊಟಕ್ಕೆ ಒಪ್ಪುವ ಪಾನವನ್ನು ಈ ನೆಲವೇ ಕೊಟ್ಟಿತ್ತು. ಹಳ್ಳದ ಮಗ್ಗುಲಿನ ಈಚಲುಮರಕ್ಕೆ ಸಂಜೆ ಕಟ್ಟಿದ ಮಡಕೆಯಲ್ಲಿ ಮುಂಜಾನೆಗೆ ಸಿಹಿಯಾದ ನೀರಾ ತುಂಬಿರುತ್ತದೆ. ಬಿಸಿಲೇರಿದಂತೆ ಅದು ತಾನೇ ಹುದುಗಿ ಹೆಂಡವಾಗುತ್ತದೆ. ಮದ್ಯಸಾರ ಶೇಕಡಾ 4-5ರಷ್ಟು; ಒಗರಿಲ್ಲ; ಉಳಿದ ಸಿಹಿಯೂ ಎಳೆಯ ಹುಳಿಯೂ ಖಾರವನ್ನು ಸಂತೈಸುತ್ತವೆ. ಹುರುಳಿಗುಗ್ಗರಿ, ಹುರಿದ ಬೋಟಿ, ಕಡಲೆಕಾಯಿ ಅದರ ಚಕ್ಕಣ. ಕುಡಿಯದ ಸಂಸಾರಗಳಲ್ಲಿ ಇದೇ ಕೆಲಸವನ್ನು ಮಜ್ಜಿಗೆ ಮಾಡುತ್ತ ಬಂದಿದೆ. ಮಾರನೆಯ ದಿನಕ್ಕೆ ಹೆಂಡ ಹುಳಿತು ಕೆಡುವುದರಿಂದ ದೂರದ ಊರಿಗೆ ಹೋಗುವಂತಿರಲಿಲ್ಲ. ಅದು ಅಂದಿನದು, ಅಲ್ಲಿಯದು.

ಕುಡಿತ ಮನೆಗಳನ್ನು ಹಾಳುಮಾಡಿತೆಂಬುದು ಸುಳ್ಳಲ್ಲ. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಈಚಲುಮರಗಳನ್ನು ಕಡಿಯುವ ಸತ್ಯಾಗ್ರಹವೇ ನಡೆಯಿತು; ಎಸ್. ನಿಜಲಿಂಗಪ್ಪನವರು ಅದರಲ್ಲಿ ಪಾಲ್ಗೊಂಡಿದ್ದರು. ಮುಂದೆ, ಮರ ಕೊಡುವುದಕ್ಕಿಂತ ಹೆಚ್ಚು ಮಾರಬೇಕೆಂಬ ಆಸೆ ಹುಟ್ಟಿತು. ಹೆಂಡಕ್ಕೆ ಕ್ಲೋರಲ್ ಹೈಡ್ರೇಟಿನಂಥ ಮಂಪರುಮದ್ದು ಬೆರೆಯಿತು. ಅದು ಹೆಂಡವಲ್ಲ, ವಿಷ. 2004ರಲ್ಲಿ ಸರ್ಕಾರ ಕರಾವಳಿಯ ಎರಡು ಜಿಲ್ಲೆಗಳನ್ನುಳಿದು ರಾಜ್ಯದಲ್ಲೆಲ್ಲ ಹೆಂಡವನ್ನು ನಿಷೇಧಿಸಿತು.

ಆದರೆ ಕುಡಿತ ನಿಂತಿತೆ? ಹೆಂಡದ ಜಾಗಕ್ಕೆ 90 ಮಿಲಿಲೀಟರಿನ ಕಾಗದದ ಪೊಟ್ಟಣ ಬಂದಿತು. ಅದರೊಳಗಿನ ಮದ್ಯಸಾರ ಶೇಕಡಾ 42.8; ಹೆಂಡದ ಎಂಟು ಹತ್ತು ಪಟ್ಟು. ಮಡಕೆಯ ಸುತ್ತ ಕುಳಿತು ಗುಗ್ಗರಿ ಮೆಲ್ಲುತ್ತ ಸಂಜೆ ಕಳೆಯುತ್ತಿದ್ದವನು ಈಗ ಗೋಡೆಯ ಮರೆಯಲ್ಲಿ ನಿಂತು ಒಂದೇ ಗುಟುಕಿಗೆ ಮುಗಿಸುತ್ತಾನೆ. ಮನೆಗೆ ಬರುವ ವೇಳೆಗೆ ಅವನಿಗೆ ಮುದ್ದೆಯೂ ಬೇಡ, ಸಾರೂ ಬೇಡ.

ಊಟದೊಡನೆ ಕುಡಿಯುವ ಪಾನವನ್ನು ಊಟವೇ ಅಂಕೆಯಲ್ಲಿಡುತ್ತದೆ. ಬೊಜೊಲೆಯ ರೈತನಿಗೂ ತಿರುಮಣಿಯ ಒಕ್ಕಲಿಗೂ ಈ ವಿವೇಕ ಸಮಾನವಾಗಿತ್ತು. ಅಲ್ಲಿ ಸೀಸೆ ಮೇಜಿನ ಮೇಲೆ ಉಳಿದಿದೆ. ಇಲ್ಲಿ ಚಕ್ಕಣ ಮಾತ್ರ ಉಳಿದಿದೆ, ಆರಿ ತಣ್ಣಗಾಗಿದೆ.